ರೇಣುಕಕ್ಕ ಆರಿಸಿದ ಬ್ರೇಕ್ ರಬ್ಬರು

ರೇಣುಕಕ್ಕ ಯಾವುದನ್ನೇ ಆಗಲಿ ಹೆಬ್ಬೆರಳಿನಿಂದ ಒತ್ತಿ ನೋಡದೆ ನಂಬುತ್ತಿರಲಿಲ್ಲ. ಬಸುರಿಯರು ಎದುರಿಗೆ ಬಂದು ಕೂತರೆ ಮೊದಲು ಅವರ ಕಣಕಾಲಿನ ಮೇಲೆ ಬೆರಳೂರಿ, ಬಿದ್ದ ಕುಳಿ ಎಷ್ಟು ಹೊತ್ತಿಗೆ ತುಂಬಿಕೊಳ್ಳುತ್ತದೆ ಎಂದು ನೋಡುವಳು. ಬಾವು ಇದ್ದರೆ ಕುಳಿ ಹಾಗೆಯೇ ನಿಲ್ಲುತ್ತದೆ. ಅದು ಅವಳ ಕೆಲಸ. ಇಟ್ಟಿಗಿ ಕಡೆಯ ಹಳ್ಳಿಗಳಿಗೆಲ್ಲ ಅವಳೇ ನರ್ಸು. ಆದರೆ ಸಂತೆಯ ಬದನೆಕಾಯಿಗೂ ಅದೇ ಪರೀಕ್ಷೆ, ನಾನು ನಾದಿಟ್ಟ ಹಿಟ್ಟಿಗೂ ಅದೇ, ಸೈಕಲ್ಲಿನ ಬ್ರೇಕ್ ರಬ್ಬರಿಗೂ ಅದೇ.

ತೊಂಬತ್ತರ ದಶಕದ ನಡುವೆ ನಾನು ಹಡಗಲಿ ತಾಲ್ಲೂಕಿನ ಒಂದು ತಾಂಡಾದ ಶಾಲೆಗೆ ಟೀಚರಾಗಿ ಬಂದೆ. ತಾಂಡಾದಲ್ಲಿ ಬಾಡಿಗೆ ಕೋಣೆ ಸಿಗಲಿಲ್ಲ. ಇಟ್ಟಿಗಿಯಲ್ಲಿ ರೇಣುಕಕ್ಕನ ಪಕ್ಕದ ಕೋಣೆ ಹಿಡಿದೆ. ಅವಳು ಗಂಡನ ಮನೆ ಬಿಟ್ಟು ಬಂದವಳು. ಆ ಮನೆ ಕೂಡ್ಲಿಗಿಯಲ್ಲಿತ್ತು. ಅದರ ಬಗ್ಗೆ ನನಗೆ ಒಮ್ಮೆ ಮಾತ್ರ ಹೇಳಿದ್ದಳು. "ಅಲ್ಲಿ ಬಾಗಲ ತನಕ ಹೋಗಾಕೂ ಕೇಳಬೇಕಾಗಿತ್ತು ಟೀಚರ್."

ಇಲ್ಲಿ ಅವಳು ಯಾರನ್ನೂ ಕೇಳದೆ ಹೊರಡುತ್ತಿದ್ದಳು. ಅವಳ ಪಾಲಿನ ತಾಂಡಾಗಳಿಗೆ ಬಸ್ಸು ಇರಲಿಲ್ಲ. ದೂರದವಕ್ಕೆ ನಡೆದರೆ ಹೋಗುವುದರಲ್ಲೇ ಅರ್ಧ ದಿನ ಮುಗಿಯುತ್ತಿತ್ತು. ಹಾಗಾಗಿ ಒಂದು ಹಳೆಯ ಲೇಡೀಸ್ ಸೈಕಲ್ಲು, ರಾಡ್ ಬ್ರೇಕಿನದು. ಹ್ಯಾಂಡಲ್ಲಿಗೆ ಲಸಿಕೆಯ ಡಬ್ಬಿ. ನನ್ನ ಶಾಲೆಯ ತಾಂಡಾ ಹತ್ತಿರದ್ದು, ದಿನಾ ನಡೆದೇ ಹೋಗುತ್ತಿದ್ದೆ, ಅಲ್ಲಿ ಲಸಿಕೆ ಹಾಕುವ ದಿನ ಮಾತ್ರ ಅವಳ ಕ್ಯಾರಿಯರ್ ಮೇಲೆ. ಏರು ಬಂದರೆ ಇಳಿದು ನೂಕುವಳು, ದಾರಿ ಸಮವಾದರೆ ಹತ್ತುವಳು. ಸಂಜೆ ಮನೆಗೆ ಬಂದ ಮೇಲೂ ಕೂರುತ್ತಿರಲಿಲ್ಲ. ನಿಂತೇ ನೀರು ಕುಡಿದು, ನಿಂತೇ ಒಲೆ ಹಚ್ಚುವಳು. "ಕುಂತರ ಕಾಲು ಮಾತಾಡಾಕ ಶುರು ಮಾಡ್ತಾವು, ಸುಮ್ನ ನಿಂತ್ಗಂಡಿರೋದು ಚಲೋ" ಎನ್ನುತ್ತಿದ್ದಳು.

ಅವಳಿಗೆ ಒಬ್ಬ ಅಣ್ಣ, ಬಸವರಾಜಣ್ಣ. ಹರಪನಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ತಂಗಿ ಒಬ್ಬಳೇ ಇರುವುದು ಅವನಿಗೆ ಸರಿಬರುತ್ತಿರಲಿಲ್ಲ. ವರ್ಗ ಮಾಡಿಸಿಕೊಂಡು ತನ್ನ ಮನೆಯಲ್ಲೇ ಇರಲಿ ಎಂಬುದು ಅವನ ಮಾತು. ಕೆಟ್ಟ ಮನುಷ್ಯನಲ್ಲ. ಬಂದಾಗಲೆಲ್ಲ ತಂಗಿಗೆ ಏನಾದರೂ ಒಂದು ಕೆಲಸ ಮಾಡಿಕೊಟ್ಟೇ ಹೋಗುವನು. ಸ್ಟೋವಿನ ಬತ್ತಿ ಬದಲಿಸುವನು, ಬಾಗಿಲ ಚಿಲಕ ಬಿಗಿ ಮಾಡುವನು. ಒಂದು ಭಾನುವಾರ ಜೇಬಿನಲ್ಲಿ ಹೊಸ ಬ್ರೇಕ್ ರಬ್ಬರು ತಂದಿದ್ದ. ಮುಂದಿನ ಚಕ್ರದವು ಸವೆದದ್ದನ್ನು ಹಿಂದಿನ ಸಲವೇ ನೋಡಿದ್ದನಂತೆ. ಕಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ನಟ್ಟು ಬಿಚ್ಚುವ ಪಾನಾ ಹಿಡಿದು ತಾನೇ ಹಾಕಿದ. ನಾನು ಅಕ್ಕಿ ಆರಿಸುತ್ತ ಎದುರಿಗೇ ಇದ್ದೆ. ರೇಣುಕಕ್ಕ ಯಾರದೋ ಹೆರಿಗೆಗೆ ಹೋಗಿದ್ದಳು, ಆ ರಬ್ಬರನ್ನು ಒತ್ತಿ ನೋಡಲು ಅವಳಿಗೆ ಆಗಲಿಲ್ಲ. ಅಣ್ಣ ಹಾಕಿಹೋದದ್ದನ್ನು ಅವಳು ಬಂದ ಮೇಲೆ ನಾನೇ ಹೇಳಿದೆ.

ಮುಂದಿನದನ್ನು ನಾನು ಕಂಡಷ್ಟನ್ನೇ ಬರೆಯುತ್ತೇನೆ. ಅದೇ ವಾರದ ಗುರುವಾರ ಬೆಳಿಗ್ಗೆ ನಾವಿಬ್ಬರೂ ತಾಂಡಾಕ್ಕೆ ಹೊರಟೆವು. ತಾಂಡಾಕ್ಕಿಂತ ಮೊದಲು ಒಂದು ಹಳ್ಳ ಸಿಗುತ್ತದೆ. ಹಳ್ಳಕ್ಕೆ ಇಳಿಯುವ ದಾರಿ ಉದ್ದವಿಲ್ಲ, ಆದರೆ ಕಡಿದು. ಕೆಳಗೆ ತಿರುವಿನಲ್ಲಿ ಬಂಡೆಗಳಿವೆ. ಮೇಲೆಯೇ ಅವಳು ಬ್ರೇಕ್ ಹಿಡಿದಳು. ಸೈಕಲ್ಲು ಮೊದಲು ತಡೆಯಿತು. ಆಮೇಲೆ ಏನೋ ಹಾರಿದ ಸದ್ದಾಯಿತು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಹಿಂದಿನ ಬ್ರೇಕಿಗೆ ಇಬ್ಬರ ಭಾರ ತಡೆಯುವ ಶಕ್ತಿ ಇರಲಿಲ್ಲ.

"ಟೀಚರ್, ಜಿಗೀರಿ" ಎಂದಳು. ಕೂಗಲಿಲ್ಲ, ಉಪ್ಪು ಕೊಡ್ರಿ ಎನ್ನುವ ಹಾಗೆ ಹೇಳಿದಳು. ನನಗೆ ಜಿಗಿಯಲು ಆಗಲಿಲ್ಲ. ಅವಳ ಸೊಂಟವನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಹ್ಯಾಂಡಲ್ ತಿರುಗಿಸಿ ದಾರಿಯ ಬದಿಯ ಬಳ್ಳಾರಿ ಜಾಲಿಯ ಪೊದೆಯೊಳಕ್ಕೆ ಸೈಕಲ್ಲು ನುಗ್ಗಿಸಿದಳು. ಬಂಡೆ ತಪ್ಪಿತು. ನನಗೆ ಮೈಯೆಲ್ಲ ಮುಳ್ಳು. ಅವಳ ಎಡಗೈ ಮಣಿಕಟ್ಟಿನ ಹತ್ತಿರ ಇರಬಾರದ ರೀತಿಯಲ್ಲಿ ಬಾಗಿತ್ತು.

ಪೊದೆಯಲ್ಲಿ ಕೂತೇ ಅವಳು ಮೊದಲು ಲಸಿಕೆಯ ಡಬ್ಬಿಯ ಮುಚ್ಚಳ ನೋಡಿದಳು. ನಾನು ದಾರಿಗುಂಟ ಮೇಲೆ ಹೋಗಿ ಬಿದ್ದಿದ್ದ ರಬ್ಬರುಗಳನ್ನು ಆರಿಸಿಕೊಂಡು ಬಂದೆ. ಅವು ಸವೆದಿರಲಿಲ್ಲ, ಹರಿದಿರಲಿಲ್ಲ. ರಬ್ಬರು ಕೂರಬೇಕಾದ ತಗಡಿನ ಗೂಡುಗಳು ಮಾತ್ರ ಚಕ್ರದ ಹತ್ತಿರ ಖಾಲಿ ಇದ್ದವು. ಅವಳು ಬಲಗೈಯ ಬೆರಳನ್ನು ಒಂದು ಗೂಡಿನೊಳಗೆ ಹಾಕಿ ತೆಗೆದಳು, ಇನ್ನೊಂದಕ್ಕೂ ಹಾಕಿ ತೆಗೆದಳು. "ಅಣ್ಣಗ ಹೇಳಬ್ಯಾಡ್ರಿ" ಎಂದಳು. ಬಿದ್ದದ್ದನ್ನು ಹೇಳಬೇಡ ಎನ್ನುತ್ತಿದ್ದಾಳೆ ಎಂದುಕೊಂಡೆ.

ಬಿದ್ದದ್ದು ಮುಚ್ಚಿಡುವ ಸಂಗತಿಯಾಗಿರಲಿಲ್ಲ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬರುವಷ್ಟರಲ್ಲಿ ಸುದ್ದಿ ಹರಪನಹಳ್ಳಿ ಮುಟ್ಟಿತ್ತು. ಬಸವರಾಜಣ್ಣ ಬಂದವನೇ ಸೈಕಲ್ಲು ಹೊರಗೆ ತೆಗೆದು, ನೂಕಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದ. ಕೊರಳಿಗೆ ಕೈ ಕಟ್ಟಿಕೊಂಡು ರೇಣುಕಕ್ಕ ಹಿಂದೆ, ಅವಳ ಹಿಂದೆ ನಾನು. ಸೈಕಲ್ಲು ಹೋದರೆ ಅವಳ ತಿರುಗಾಟ ನಿಲ್ಲುತ್ತದೆ, ತಿರುಗಾಟ ನಿಂತರೆ ವರ್ಗ, ವರ್ಗವಾದರೆ ಮತ್ತೆ ಯಾರದೋ ಬಾಗಿಲು. ಅದು ಮೂವರಿಗೂ ಗೊತ್ತಿತ್ತು.

ನಿಲ್ದಾಣದ ಪಕ್ಕದಲ್ಲೇ ರಾಜಾಸಾಬನ ಸೈಕಲ್ ಶಾಪು.

"ಸೈಕಲ್ ಹಿಡ್ಕಂಡು ಎಲ್ಲಿಗ್ರಿ ಅಣ್ಣಾರ?" ಎಂದ ಅವನು.

"ಬಸ್ಸಿನ ಮೇಲೆ ಹಾಕ್ತೀನಿ. ಸಾಕಾಯ್ತು ಇದರ ಸವಾಸ. ವರ್ಗಕ್ಕೆ ಅರ್ಜಿ ಬರೆಸ್ತೀನಿ, ಇನ್ಮ್ಯಾಲೆ ನಮ್ಮನೇಲಿ ಇರ್ತಾಳೆ."

ರೇಣುಕಕ್ಕ ಸೀದಾ ಹೋಗಿ ಶಾಪಿನ ಸ್ಟೂಲಿನ ಮೇಲೆ ಕೂತಳು. ಅವಳು ತಾನಾಗಿ ಕೂತದ್ದನ್ನು ನಾನು ಕಂಡದ್ದೇ ಕಡಿಮೆ.

"ರಾಜಾಸಾಬ, ಬ್ರೇಕ್ ರಬ್ಬರ್ ತೋರ್ಸು."

"ಯಾರ ಸೈಕಲ್ಲಿಗ್ರಿ?"

"ನನ್ನದಕ್ಕ."

"ಅದು ಊರು ಬಿಟ್ಟು ಹೊಂಟೈತಲ್ರಿ ಅಕ್ಕಾರ."

"ಹೊಂಟರ ಹೋಗ್ಲಿ. ಬ್ರೇಕ್ ಇಟ್ಗಂಡು ಹೋಗ್ಲಿ."

ಅವನು ಡಬ್ಬಿಯನ್ನು ಗೋಣಿಚೀಲದ ಮೇಲೆ ಸುರಿದ. ಕೆಂಪು ಜೋಡಿಯೊಂದನ್ನು ಎತ್ತಿ ಹಿಡಿದ. "ಇದು ನೋಡ್ರಿ. ನೀವು ರಿಟೈರ್ ಆದ್ರೂ ಸವಿಯಂಗಿಲ್ಲ."

ಅವಳು ಉಗುರು ಊರಿದಳು. "ಸವಿಯಂಗಿಲ್ಲ ಅಂದ್ರ ಹಿಡಿಯಂಗೂ ಇಲ್ಲ. ಕಲ್ಲಾಗೈತಿ ಇದು. ಮಳಿಗಾಲದಾಗ ಬರೇ ಜಾರತೈತಿ."

"ಹಂಗಾರ ಇದು?"

"ಇದು ಭಾಳ ಮೆತ್ತಗ. ಹಳ್ಳದ ಉಸುಕು ಕಚ್ಕಂಡು ಕುಂದರತೈತಿ, ರಿಮ್ ತಿಂತೈತಿ."

"ಇದು ದಪ್ಪ ಐತಿ, ನೋಡ್ರಿ."

"ಇದು ಬ್ರೇಕ್ ಬಿಟ್ರೂ ರಿಮ್ ಬಿಡಂಗಿಲ್ಲ. ತುಳಿಯಾಕ ನೀ ಬರ್ತೀಯೇನು?"

"ಬದನಿಕಾಯಿ ಆರಿಸಿದಂಗ ಆರಿಸ್ತೀರಲ್ರಿ. ಎಣ್ಣಿಗಾಯಿ ಮಾಡ್ತೀರೇನು?"

ಕೊನೆಗೆ ಒಂದು ಕರಿಯ ಜೋಡಿ. ಉಗುರಿನ ಗುರುತು ಬಿತ್ತು, ನೋಡುತ್ತಿದ್ದಂತೆ ನಿಧಾನವಾಗಿ ಮೇಲೆದ್ದಿತು. ಅದನ್ನು ಬದಿಗಿಟ್ಟಳು. ಬಸವರಾಜಣ್ಣ ಸೀಟಿನ ಮೇಲೆ ಕೈ ಇಟ್ಟುಕೊಂಡು ರಸ್ತೆಯನ್ನೇ ನೋಡುತ್ತಿದ್ದ, ಬಸ್ಸು ಬಂದೀತೆಂದು.

ರಾಜಾಸಾಬ ಮುಂದಿನ ಚಕ್ರದ ಮುಂದೆ ಕೂತು ಖಾಲಿ ಗೂಡುಗಳನ್ನು ಬಿಚ್ಚಲು ಹೋದವನು ಕೈ ನಿಲ್ಲಿಸಿದ.

"ಇದನ್ನ ಯಾವ ಶಾಣ್ಯಾ ಹಾಕ್ಯಾನ್ರಿ? ಎಡದ್ದು ಬಲಕ್ಕ, ಬಲದ್ದು ಎಡಕ್ಕ ಹಾಕ್ಯಾನ. ಗೂಡಿಂದು ಮುಚ್ಚಿದ ಕಡಿ ಮುಂದ ಇರಬೇಕು. ತೆರದ ಬಾಯಿ ಮುಂದ ಮಾಡಿದ್ರ, ಜೋರಾಗಿ ಬ್ರೇಕ್ ಹಿಡಿದ ಕೂಡ್ಲೆ ರಬ್ಬರ್ ಹಾರಿ ಹೋಗ್ತೈತಿ."

ಹೆರಿಗೆಗೆ ಹೋಗಿದ್ದ ಅವಳಿಗೂ, ಅಕ್ಕಿ ಆರಿಸುತ್ತ ಕೂತಿದ್ದ ನನಗೂ ಅದನ್ನು ಯಾರು ಹಾಕಿದ್ದೆಂದು ಗೊತ್ತಿತ್ತು. ನಾನು ಬಸವರಾಜಣ್ಣನ ಕಡೆ ನೋಡಿದೆ. ಅವನು ರಸ್ತೆಯಿಂದ ಕಣ್ಣು ತೆಗೆದಿದ್ದ.

"ನಾನ ಹಾಕಿದ್ದು" ಎಂದಳು ರೇಣುಕಕ್ಕ.

"ನೀವಾ? ಹಂಗಾರ ಈ ಸಲ ಇಂಜೆಕ್ಷನ್ ನಾ ಮಾಡ್ತೀನಿ ಬಿಡ್ರಿ" ಎಂದು ರಾಜಾಸಾಬ ನಕ್ಕ. ಯಾರೂ ನಗದಿದ್ದರಿಂದ ಹೊಸ ರಬ್ಬರು ಕೂರಿಸಲು ತೊಡಗಿದ. ಅವನು ಮುಗಿಸುವ ತನಕ ಅಣ್ಣ ಸೈಕಲ್ಲನ್ನು ಅಲುಗಾಡದಂತೆ ಹಿಡಿದುಕೊಂಡಿದ್ದ. ತಂಗಿಯ ಮುಖ ನೋಡಲಿಲ್ಲ. ಅವಳೂ ಅವನ ಮುಖ ನೋಡಲಿಲ್ಲ.

ಬಸ್ಸು ಬಂತು. "ಸೈಕಲ್ ಮ್ಯಾಲೆ ಹಾಕಬೇಕೇನ್ರಿ?" ಎಂದು ಕಂಡಕ್ಟರ್ ಕೇಳಿದ.

"ಇಲ್ಲ. ನಾನೊಬ್ಬನೇ" ಎಂದು ಬಸವರಾಜಣ್ಣ ಹತ್ತಿ ಹೋದ.

ಹೀಗೆ ಸೈಕಲ್ಲು ಇಟ್ಟಿಗಿಯಲ್ಲೇ ಉಳಿಯಿತು, ಅವಳೂ ಉಳಿದಳು. ಪ್ಲಾಸ್ಟರ್ ತೆಗೆದ ಮೇಲೆ ಮತ್ತೆ ಹೊರಟಳು. ನಾನು ಕ್ಯಾರಿಯರ್ ಹತ್ತಲಾರದೆ ನಿಂತಾಗ ಒತ್ತಾಯ ಮಾಡಲಿಲ್ಲ. ಡಬ್ಬಿ ಹ್ಯಾಂಡಲ್ಲಿಗೆ ಹಾಕಿ, ಸೈಕಲ್ಲು ನೂಕುತ್ತ ನನ್ನ ಜೊತೆ ತಾಂಡಾದ ತನಕ ನಡೆದಳು. ಮುಂದಿನ ಲಸಿಕೆಯ ದಿನಗಳಲ್ಲೂ ಹಾಗೆಯೇ. ಮಣಿಕಟ್ಟು ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ. ಚಳಿಗಾಲದಲ್ಲಿ ನೀರು ಸೇದಲು ಅವಳಿಗೆ ಕಷ್ಟವಾಗುತ್ತಿತ್ತು.

ಬಸವರಾಜಣ್ಣ ಬರುವುದನ್ನು ನಿಲ್ಲಿಸಲಿಲ್ಲ. ಆದರೆ ಮತ್ತೆ ಆ ಮನೆಯಲ್ಲಿ ಪಾನಾ ಮುಟ್ಟಲಿಲ್ಲ. "ಅಣ್ಣ, ಚಿಲಕ ಸಡ್ಲ ಆಗೈತಿ, ಒಂಚೂರು ನೋಡು" ಎಂದು ಅವಳೇ ಕರೆಯುವಳು. "ಬಡಿಗೇರನ್ನ ಕರೆಸು" ಎಂದು ಅವನು ಕಟ್ಟೆಯ ಮೇಲೆಯೇ ಕೂತಿರುವನು. ಅವಳು ಎಷ್ಟು ಸಲ ಕರೆದರೂ ಅದೇ ಉತ್ತರ. ಇಬ್ಬರ ದಣಿವೂ ನನಗೆ ಕಾಣುತ್ತಿತ್ತು.

ಎರಡು ಸಾವಿರದ ಇಸವಿಯ ನಂತರ ಅವಳಿಗೆ ಮಾಗಳದ ಕಡೆಗೆ ವರ್ಗವಾಯಿತು. ಅಲ್ಲಿದ್ದಾಗಲೇ ಜ್ವರ ಬಂದು, ಜ್ವರ ಕಾಮಾಲೆಗೆ ತಿರುಗಿ ತೀರಿಕೊಂಡಳು. ನನಗೆ ಸುದ್ದಿ ತಿಳಿದದ್ದು ತಡವಾಗಿ. ಹರಪನಹಳ್ಳಿಗೆ ಹೋಗಿ ಬಸವರಾಜಣ್ಣನ ಮನೆಯಲ್ಲಿ ಮಧ್ಯಾಹ್ನದ ತನಕ ಕೂತಿದ್ದೆ. ಅಂಗಡಿ, ಬಿಸಿಲು, ಬಸ್ಸಿನ ವೇಳೆ, ಇಂಥವೇ ಮಾತು. ಹೊರಟಾಗ ನನ್ನನ್ನು ಬಿಡಲು ನಿಲ್ದಾಣದ ತನಕ ಬಂದ. ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂತ.

"ಆವತ್ತಿನ ಮಾತು ಆಕೆ ಒಂದು ದಿನಾನೂ ತೆಗೀಲಿಲ್ರಿ ಟೀಚರ್" ಎಂದ. "ಜಗಳ ಆಡಿದಾಗ್ಲೂ ತೆಗೀಲಿಲ್ಲ."

ಬ್ರೇಕ್ ರಬ್ಬರಿನ ದಿನದ ಮಾತೆಂದು ನನಗೆ ಗೊತ್ತಾಯಿತು.

"ಒಂದ್ಸಲ ಬೈದಿದ್ರೆ ಆಗ್ತಿತ್ತು" ಎಂದ. "ನನಗೂ ತಪ್ಪಾಯ್ತು ಅಂತ ಹೇಳಾಕೆ ಬಾಯಿ ಬರ್ತಿತ್ತು."

ಹಡಗಲಿಯ ಬಸ್ಸು ಬಂತು. ಅವನು ನನ್ನ ಚೀಲವನ್ನು ಮೆಟ್ಟಿಲ ತನಕ ಹೊತ್ತು ತಂದು ಒಳಗೆ ಕೊಟ್ಟ. ಬಸ್ಸು ಹೊರಡುವ ತನಕ ಅಲ್ಲೇ ಬಿಸಿಲಲ್ಲಿ ನಿಂತಿದ್ದ.