ಫ್ಯಾನು ಮನೆಯ ಪಕ್ಕದ ಸಂಗೀತದ ಮೇಷ್ಟ್ರು

ಭಾನುವಾರ, ಬೆಳಗ್ಗೆ ಏಳು ಗಂಟೆ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕೆಲಸಗಾರರ ಸಾಲುಮನೆಗಳು, ಅಂದರೆ ನಮ್ಮ ಲೈನು; ಆ ಲೈನಿನ ಸಂಘದ ಕೋಣೆ. ಇದ್ದವರು ಸಂಗೀತದ ಮೇಷ್ಟ್ರು, ನನ್ನ ಅಪ್ಪ, ನಾನು. ಮೇಷ್ಟ್ರು ಬಲ ಅಂಗೈಯನ್ನು ಸುಣ್ಣದ ಗೋಡೆಗೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದರು. ತೆಗೆದಾಗ ಅಂಗೈ ಪೂರ್ತಿ ಬೆಳ್ಳಗಾಗಿತ್ತು. ಒರೆಸಿಕೊಳ್ಳದೆ ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಇಟ್ಟರು.

"ಏನಾಗ್ತದೆ ಹೇಳಮ್ಮ?"

"ಜುಂ ಅಂತದೆ ಮೇಷ್ಟ್ರೇ."

"ಅದೇ ನಿನ್ನ ಸ. ಅದರ ಜೊತೆ ಬಾ."

ಗೋಡೆಯ ಆಚೆ ಗಣಿಯೊಳಕ್ಕೆ ಗಾಳಿ ಕಳಿಸುವ ದೊಡ್ಡ ಫ್ಯಾನು ಇತ್ತು. ಹಗಲೂ ರಾತ್ರಿ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿತ್ತು. ಸಂಘಕ್ಕೆ ಶ್ರುತಿಪೆಟ್ಟಿಗೆ ಕೊಳ್ಳುವ ಶಕ್ತಿ ಇರಲಿಲ್ಲವಾದ್ದರಿಂದ ಮೇಷ್ಟ್ರು ಫ್ಯಾನನ್ನೇ ಶ್ರುತಿ ಮಾಡಿಕೊಂಡಿದ್ದರು. ಲೈನಿನ ಮಕ್ಕಳೆಲ್ಲ ಅದಕ್ಕೇ ದನಿ ಸೇರಿಸಿ ಕಲಿತೆವು.

ಇದು ಐವತ್ತರ ದಶಕದ ಮಾತು. ರಾಬರ್ಟ್‌ಸನ್‌ಪೇಟೆಯಲ್ಲಿ ಮನೆಪಾಠ ಹೇಳುವವರಿದ್ದರು, ಆದರೆ ಗಣಿಗೆ ಇಳಿಯುವವರ ಮಕ್ಕಳಿಗೆ ಅದು ಎಟುಕುತ್ತಿರಲಿಲ್ಲ. ಅದಕ್ಕೇ ಲೈನಿನವರು ಸಂಘ ಕಟ್ಟಿದ್ದು. ಪಾಠಕ್ಕೆ ಫೀಸಿಲ್ಲ. ಮಗುವಿನ ಮನೆಯವರು ಪಾಳಿ ಮುಗಿಸಿ ಬಂದು ಕೋಣೆಯ ಒಂದು ಕೆಲಸ ಮಾಡಿಕೊಡಬೇಕು. ಸುಣ್ಣ ಬಳಿಯುವುದೋ, ಚಾವಣಿಯ ತಗಡು ಸರಿಮಾಡುವುದೋ. ಮೇಷ್ಟ್ರ ಸಂಬಳವನ್ನು ಮಾತ್ರ ಬಂಗಾರಪೇಟೆಯ ಒಂದು ಸಂಗೀತ ಸಭೆ ಕೊಡುತ್ತಿತ್ತು. ಸಭೆಯವರು ಕೈಬಿಟ್ಟರೆ ಪಾಠ ನಿಂತಂತೆಯೇ. ಇದು ಮಕ್ಕಳಾದ ನಮಗೂ ಗೊತ್ತಿತ್ತು.

ಮೇಷ್ಟ್ರು ಬಂಗಾರಪೇಟೆಯಿಂದ ಮೊದಲ ರೈಲಿಗೆ ಬರುತ್ತಿದ್ದರು. ಚಪ್ಪಲಿ ಹೊರಗೆ, ಛತ್ರಿ ಮೂಲೆಗೆ, ಕೋಟು ಮೊಳೆಗೆ. ಆ ಕ್ರಮ ಒಮ್ಮೆಯೂ ತಪ್ಪಿದ್ದಿಲ್ಲ. ಬೈಯುತ್ತಿರಲಿಲ್ಲ. ಸ್ವರ ಜಾರಿದವರನ್ನು ನೋಡಿ, "ಎಕ್ಕಡಿಕಿ, ಎಲ್ಲಿಗೆ ಹೊರಟೆ? ಬಾ, ಮನೆಗೆ ಬಾ" ಎನ್ನುತ್ತಿದ್ದರು. ಪಕ್ಕದ ಮನೆಯ ತಮಿಳಮ್ಮ ಕಾಫಿ ತಂದಾಗಲೆಲ್ಲ ಛೇಡಿಸುತ್ತಿದ್ದಳು: "ವಾದ್ಯಾರೇ, ನಮ್ ಹುಡುಗ ಪಾಡ್ತಾನಾ, ಇಲ್ಲ ಫ್ಯಾನೇ ಪಾಡ್ತದಾ?"

"ಫ್ಯಾನಿಗೆ ಪಾಠ ಬಂದಿದೆ ತಾಯಿ. ನಿಮ್ಮ ಹುಡುಗನಿಗೆ ಇನ್ನೂ ಇಲ್ಲ." ಇದನ್ನು ನಗದೆಯೇ ಹೇಳುತ್ತಿದ್ದರು.

ಒಂದು ವರ್ಷ ಸಭೆಯವರು ನಮ್ಮನ್ನು ಬಂಗಾರಪೇಟೆಗೆ ಕರೆಸಿದರು. ಹಾಡು ಕೇಳಿ ಒಪ್ಪಿಗೆಯಾದರೆ ಸಂಬಳ ಮುಂದುವರಿಸುವುದು, ಇಲ್ಲದಿದ್ದರೆ ನಿಲ್ಲಿಸುವುದು ಎಂದು ಹೇಳಿ ಕಳಿಸಿದ್ದರು. ಅಪ್ಪನೂ ಜೊತೆಗೆ ಬಂದ. ವೇದಿಕೆಯ ಮೇಲೆ ಒಬ್ಬರು ತಂಬೂರಿ ಮೀಟುತ್ತಿದ್ದರು. ಅದನ್ನು ಸಂಜೆ ಹಾಡಲಿದ್ದ ವಿದ್ವಾಂಸರ ಶ್ರುತಿಗೆ ಸೇರಿಸಿಟ್ಟಿದ್ದಾರೆ, ಬೇರೆ ಯಾರೂ ಮುಟ್ಟುವ ಹಾಗಿಲ್ಲ ಎಂದು ಸಭೆಯವರು ಹೇಳಿದರು.

ನಾವು ಗೀತೆ ಎತ್ತಿದೆವು. ಎಲ್ಲರೂ ಹಿಡಿದದ್ದು ಫ್ಯಾನಿನ ಸ. ತಂಬೂರಿಯದು ಬೇರೆ. ಸ ಎಂಬುದು ಲೋಕದಲ್ಲೆಲ್ಲ ಒಂದೇ ಕಡೆ ಇರುತ್ತದೆಂದು ನಾವು ತಿಳಿದಿದ್ದೆವು. ತಂಬೂರಿಯೇ ತಪ್ಪಿದೆ ಎಂದುಕೊಂಡು ಇನ್ನಷ್ಟು ಗಟ್ಟಿಯಾಗಿ ಹಾಡಿದೆವು. ಮುಂದಿನ ಸಾಲಿನವರು ನಗತೊಡಗಿದರು. ಒಬ್ಬರು ಕೂಗಿಯೇ ಕೇಳಿದರು: "ಏನ್ ಮೇಷ್ಟ್ರೇ, ಇವರು ಕಿವೀನ ಮೇಲೇ ಬಿಟ್ಟು ಗಣಿಗೆ ಇಳೀತಾರಾ?"

ಮೇಷ್ಟ್ರು ವೇದಿಕೆ ಹತ್ತಿದರು. ತಂತಿಗಳ ಮೇಲೆ ಅಂಗೈ ಇಟ್ಟು ತಂಬೂರಿಯನ್ನು ನಿಲ್ಲಿಸಿದರು. ನಗು ನಿಂತಿತು.

"ಈಗ ಹಾಡಿ" ಎಂದರು.

ಹಾಡಿದೆವು. ಕೊನೆಯವರೆಗೂ ಯಾರ ದನಿಯೂ ಜಾರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ವಿದ್ವಾಂಸರ ತಂಬೂರಿಗೆ ಕೈ ಹಾಕಿದಿರಲ್ಲ! ಕಲಿಸಿದ್ದೂ ತಪ್ಪು, ಮೇಲೆ ಇದು ಬೇರೆ" ಎಂದರು ಸಭೆಯ ಅಧ್ಯಕ್ಷರು.

"ಕಲಿಸಿದ್ದು ತಪ್ಪು, ಒಪ್ಕೋತೀನಿ. ಒಂದೇ ಸ ಕೊಟ್ಟೆ, ತಿದ್ತೀನಿ. ಆದ್ರೆ ಮಕ್ಕಳು ಅರ್ಧಕ್ಕೆ ನಿಲ್ಲಿಸಿ ಇಳಿದಿದ್ರೆ ಮತ್ತೆ ಬಾಯಿ ಬಿಡ್ತಿರಲಿಲ್ಲ."

ಸಂಬಳ ಅಂದೇ ನಿಂತಿತು. ಸ್ಟೇಷನ್ನಿನವರೆಗೂ ಮೇಷ್ಟ್ರು ನಮ್ಮ ಜೊತೆ ನಡೆದು ಬಂದರು. ಅಲ್ಲಿ ಅಪ್ಪ ಹೇಳಿದ: "ನಾಳೆಯಿಂದ ಬರ್ಬ್ಯಾಡಿ ಸಾಮಿ. ನಾವು ಎಲ್ಲಿಂದ ತಂದು ಕೊಡಾನ?"

"ಕೊಡಿ ಅಂದ್ನಾ? ಮಧ್ಯಾಹ್ನ ಒಂದು ಊಟ ಹಾಕಿ. ಸಂಜೆ ಇಲ್ಲಿ ನಂಗೆ ಮನೆಪಾಠ ಇದೆ, ಬದುಕ್ಕೋತೀನಿ."

"ನಮ್ದು ಮುದ್ದೆ ಸಾಮಿ. ನೀವು ಉಣ್ತೀರಾ?"

"ಮುದ್ದೆ ನುಂಗೋಕೆ ಶ್ರುತಿ ಬೇಡವಲ್ಲ ಮಾರಾಯ."

ಮರುದಿನ ಅದೇ ರೈಲಿಗೆ ಬಂದರು. ಕೋಣೆಯಲ್ಲಿ ಕೂರಿಸಲಿಲ್ಲ. ಫ್ಯಾನಿನ ಸದ್ದು ಕೇಳದಷ್ಟು ದೂರಕ್ಕೆ, ಚಿನ್ನ ತೆಗೆದುಳಿದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಆಚೆಗೆ, ನಡೆಸಿಕೊಂಡು ಹೋದರು. ದಿನಕ್ಕೊಂದು ಸ ಹಾಡಿ, "ಇವತ್ತು ಇಲ್ಲಿದೆ. ನಾಳೆ ಇನ್ನೆಲ್ಲೋ ಇರ್ತದೆ. ಇದ್ದಲ್ಲಿಗೆ ನೀವೇ ಹೋಗ್ಬೇಕು" ಎಂದರು. ಕಲಿತದ್ದನ್ನೆಲ್ಲ ಮೊದಲಿನಿಂದ ಕಲಿತೆವು. ಮನೆಮನೆಯವರು ಸರದಿಯಂತೆ ಊಟ ಹಾಕಿದರು. ಹೀಗೇ ಬಹಳ ವರ್ಷ ನಡೆಯಿತು. ನಾನು ದೊಡ್ಡವಳಾಗಿ, ಕೋಣೆಯಲ್ಲಿ ಚಿಕ್ಕವರಿಗೆ ಮೊದಲ ಪಾಠ ಹೇಳಿಕೊಡತೊಡಗಿದೆ.

ಅರವತ್ತರ ದಶಕದಲ್ಲಿ ಒಂದು ಬೆಳಗ್ಗೆ ರೈಲು ಬಂತು, ಅವರು ಇಳಿಯಲಿಲ್ಲ. ರಾತ್ರಿ ಮಲಗಿದವರು ಏಳಲಿಲ್ಲ ಎಂದು ರೈಲಿನ ಗಾರ್ಡ್ ತಿಳಿಸಿದರು. ಮುಂದಿನ ರೈಲಿಗೆ ಅಪ್ಪ, ನಾನು, ಇನ್ನು ಕೆಲವರು ಹೋದೆವು. ಅವರ ಮನೆಯ ಮುಂದೆ ನಿಂತು ಮುಖ ನೋಡಿದೆವು. ಎತ್ತಿಕೊಂಡು ಹೋದ ಮೇಲೆ ಹೊರಟು ಬಂದೆವು. ನನಗೆ ಅಳು ಬರಲಿಲ್ಲ. ಆಮೇಲೂ ಬಂದಿಲ್ಲ.

ಮನೆಗೆ ಬಂದು ಸ್ನಾನ ಮಾಡಿ, ಸೀರೆ ಬದಲಿಸಿ ಸಂಘದ ಕೋಣೆಗೆ ಹೋದೆ. ಅಪ್ಪ ಬಾಗಿಲಲ್ಲಿ ನಿಂತಿದ್ದ.

"ಇವತ್ತೊಂದಿನ ಪಾಟ ಬ್ಯಾಡ ಬಿಡಮ್ಮ. ಮಕ್ಳನ್ನ ಕಳ್ಸು."

"ಬಂದು ಕೂತವ್ರಲ್ಲಪ್ಪ" ಎಂದೆ.

ಆ ವಾರ ಸೇರಿದ್ದ ಒಬ್ಬ ಪುಟ್ಟ ಹುಡುಗಿಗೆ ಸರಿಗಮದ ಮೊದಲ ಸರಳೆ ಇನ್ನೂ ಬಂದಿರಲಿಲ್ಲ. ಮೇಲೆ ಹೋಗುವಾಗ ಸರಿ, ಇಳಿಯುವಾಗ ತಪ್ಪುತ್ತಿದ್ದಳು. ಉಳಿದವರ ಪಾಠ ಮುಗಿಸಿ ಅವಳೊಬ್ಬಳನ್ನು ಕೂರಿಸಿಕೊಂಡೆ. ತಪ್ಪಿದಲ್ಲೆಲ್ಲ ಮತ್ತೆ ಹೇಳಿಸಿದೆ. ಕೊನೆಗೆ ಸ ಮುಟ್ಟುವವರೆಗೂ ತಪ್ಪಿಲ್ಲದೆ ಇಳಿದಳು. ಮನೆಗೆ ಕಳಿಸಿ, ಚಾಪೆ ಸುತ್ತಿಟ್ಟು, ಕೋಣೆ ಗುಡಿಸಿ ಬೀಗ ಹಾಕಿದೆ.