ಆ ಕೋಣೆಯಲ್ಲಿ ಮೊದಲು ಯಾರಿದ್ದರು

ರೋಣದಿಂದ ಗಜೇಂದ್ರಗಡದ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಸ್ವಲ್ಪ ಒಳಗೆ ನಡೆದರೆ ಸಿಗುವ ಊರು ಅದು. ಹೆಸರು ಬರೆಯುವುದಿಲ್ಲವೆಂದು ಅಲ್ಲಿಯವರಿಗೆ ಮಾತು ಕೊಟ್ಟಿದ್ದೇನೆ. ಸುತ್ತಲಿನ ಎರೆಹೊಲಗಳಲ್ಲಿ ಗಾಳಿಯಂತ್ರಗಳನ್ನು, ಊರವರ ಬಾಯಲ್ಲಿ ಫ್ಯಾನುಗಳನ್ನು, ನಿಲ್ಲಿಸುವ ಕೆಲಸ ಜೋರಾಗಿ ನಡೆದಿತ್ತು. ಅದರಿಂದ ಊರಿನ ಮನೆಗಳಿಗೇನಾಯಿತು, ಶಾಲೆ, ನೀರು, ದವಾಖಾನೆಗಳಿಗೇನಾಯಿತು ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ನನಗೋ ಚಿಕ್ಕಂದಿನಿಂದಲೂ ಇನ್ನೊಬ್ಬರ ಮನೆಯೊಳಗೆ ಇಣುಕುವ ಚಟ. ಅದಕ್ಕೇ ಪಗಾರ ಕೊಡುತ್ತೇವೆಂದರೆ ಯಾರು ಬೇಡ ಅಂತಾರೆ?

ಮೊದಲೆರಡು ದಿನ ಕೇಳಿದ್ದೆಲ್ಲ ಒಳ್ಳೆಯ ಸುದ್ದಿಯೇ. ಕ್ರೇನ್ ನಡೆಸುವವರು, ವೈರಿಂಗಿನವರು ಬೇರೆ ಬೇರೆ ರಾಜ್ಯಗಳಿಂದ ಬಂದು ಊರಲ್ಲೇ ಬಾಡಿಗೆಗಿದ್ದರು. ಅವರಿಗೆಂದು ಜನ ದನ ಕಟ್ಟುವ ಜಾಗಕ್ಕೂ ಫರಸಿ ಹಾಕಿಸಿ, ಹಿಂದೊಂದು ಬಚ್ಚಲು ಕಟ್ಟಿಸಿ, ಕೋಣೆ ಮಾಡಿದ್ದರು. ಎಲ್ಲರೂ ಕೈಹಿಡಿದು ಕರೆದೊಯ್ದು ತೋರಿಸುತ್ತಿದ್ದರು.

ಮೂರನೆಯ ದಿನ ಒಬ್ಬ ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು, "ಇಂವ ಟಂಟಂ ಗಾಡ್ಯಾಗ ಹುಟ್ಟ್ಯಾನ್ರಿ" ಎಂದಳು. ನಸುಕಿನಲ್ಲಿ ಸೊಸೆಗೆ ಬೇನೆ ಎದ್ದಿತ್ತು. ಊರಿನ ಆರೋಗ್ಯ ಉಪಕೇಂದ್ರಕ್ಕೆ ಬೀಗ. ರೋಣಕ್ಕೆ ಹೋಗುವ ದಾರಿಯಲ್ಲೇ ಹೆರಿಗೆಯಾಗಿತ್ತು.

"ನರ್ಸಬಾಯಾರು ಊರಾಗ ಇರೂದಿಲ್ಲೇನ್ರಿ?" ಎಂದೆ.

"ಮೊದಲ ಇದ್ರು. ಈಗ ರೋಣದಾಗ ಮನಿ ಮಾಡ್ಯಾರ. ಬಸ್ಸಿಗೆ ಬರ್ತಾರ, ಬಸ್ಸಿಗೆ ಹೋಗ್ತಾರ."

ಯಾಕೆ ಹೋದರು? ಹಾಗೆ ಕೇಳು ಎಂದು ನನ್ನ ಫಾರ್ಮಿನಲ್ಲಿ ಎಲ್ಲೂ ಇರಲಿಲ್ಲ. ಆದರೂ ಕೇಳಿದೆ. ಗಂಡನಿಗೆ ವರ್ಗವಾಯಿತಂತೆ ಎಂದರು ಒಂದು ಮನೆಯವರು. ಆಕೆಗೆ ಊರು ಸೇರಲಿಲ್ಲ ಎಂದರು ಇನ್ನೊಂದು ಮನೆಯವರು. ಒಂದೊಂದು ಕಟ್ಟೆಯ ಮೇಲೆ ಒಂದೊಂದು ಉತ್ತರ ಸಿಕ್ಕಷ್ಟೂ ನನ್ನ ಕುತೂಹಲ ಹೆಚ್ಚಾಯಿತು. ಕೊನೆಗೆ ನರ್ಸಬಾಯಿಯವರನ್ನೇ ಹೋಗಿ ಕೇಳಿದೆ. ಕೂಸುಗಳಿಗೆ ಲಸಿಕೆ ಹಾಕುತ್ತಿದ್ದ ಅವರು ತಲೆ ಎತ್ತದೆ ನಕ್ಕು, "ದಿನಾ ಬಸ್ಸಿನ್ಯಾಗ ಅಡ್ಡಾಡಿದ್ರ ನಾಕ್ ಮಂದಿ ಪರಿಚಯ ಆಗ್ತಾರ್ರಿ" ಎಂದರು. ಅದು ಉತ್ತರವಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು.

ಮರುದಿನ ಗಾದಿ ಹೊಲಿಯುವವರ ಮನೆಗೆ ಹೋದೆ. ಅಂಗಳದ ತುಂಬ ಹತ್ತಿ. ಮನೆಯೊಡತಿಯನ್ನು ಓಣಿಯವರೆಲ್ಲ ಚಾಚಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮುಂದಿನ ಕೋಣೆಯಲ್ಲಿ ಮೂವರು ಕ್ರೇನಿನವರು ಬಾಡಿಗೆಗಿದ್ದರು. ಅವರು ಕೆಲಸಕ್ಕೆ ಹೋಗಿದ್ದಾಗ ಚಾಚಿ ಬಾಗಿಲು ತೆರೆದು ತೋರಿಸಿದಳು. ಒಣಹಾಕಿದ ಅಂಗಿಗಳ ಹಿಂದೆ, ಗೋಡೆಯ ಮೇಲೆ, ಕೂಸಿನ ತೂಕ ಬರೆಯುವ ಪಟವೊಂದು ಇನ್ನೂ ಅಂಟಿಕೊಂಡಿತ್ತು.

"ಈ ಕೋಣ್ಯಾಗ ಮೊದಲ ಯಾರಿದ್ರು ಚಾಚಿ?"

ಚಾಚಿ ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಹೊಸ್ತಿಲ ಮೇಲೆ ಕುಳಿತಳು. "ಆ ನರ್ಸಬಾಯಿನ ಇದ್ಲು. ನಾಕ್ ವರ್ಷ. ಫ್ಯಾನಿನವ್ರು ಬಂದು ಹೆಚ್ಚಿಗಿ ಬಾಡಗಿ ಕೊಡ್ತೇವಂದ್ರು. ಸರಕಾರಿ ನೌಕರಿ ಇದ್ದಾಕಿ, ಎಲ್ಲೆರೆ ಮನಿ ಸಿಗತೈತಿ ಅಂದ್ಕೊಂಡು ಬಿಡಿಸಿದೆ. ಪಾಪ, ಹದಿನೈದು ದಿನ ಊರೆಲ್ಲಾ ಅಡ್ಡಾಡಿದ್ಲು. ಎಲ್ಲೂ ಖಾಲಿ ಇರಲಿಲ್ಲ. ಆ ಮುದುಕಿ ಮನೀಗೂ ಹೋಗಿದ್ಲು, ಅವ್ರೂ ಫ್ಯಾನಿನವ್ರಿಗೇ ಕೊಟ್ಟಿದ್ರು."

"ಯಾವ ಮುದುಕಿ?"

"ಅದ, ಮೊಮ್ಮಗ ಗಾಡ್ಯಾಗ ಹುಟ್ಟಿದ್ನಲ್ಲ..." ಎಂದವಳು ಅಲ್ಲಿಗೇ ಮಾತು ನಿಲ್ಲಿಸಿದಳು. ಅಷ್ಟು ದಿನ ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದಳೇನೋ. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: "ಹಂಗಾರ ಅದು ನನ್ನಿಂದ ಆತೇನವಾ?"

"ನಿಮ್ಮೊಬ್ಬರಿಂದ ಅಲ್ಲ ಬಿಡ್ರಿ" ಎಂದೆ. ಸಮಾಧಾನಕ್ಕೆ ಹೇಳಿದ ಮಾತು.

ಫಾರ್ಮಿನಲ್ಲಿ ಮನೆಗಳಿಗೊಂದು ಪುಟ, ಸೇವೆಗಳಿಗೊಂದು ಪುಟ. ಮನೆಗಳ ಪುಟದ ತುಂಬ ಲಾಭವೇ ಇತ್ತು. ದವಾಖಾನೆಯ ತೊಂದರೆಗೆ ಯೋಜನೆ ಕಾರಣವೆಂದು ಒಬ್ಬರೂ ಹೇಳಿರಲಿಲ್ಲ. ಹೆಸರುಗಳನ್ನು ಬಿಟ್ಟು, ಕಂಡದ್ದನ್ನು ಹಾಳೆಯ ಹಿಂಬದಿಗೆ ಬರೆದೆ. ಗದಗಿನಲ್ಲಿ ಮೇಲ್ವಿಚಾರಕರು ಅದನ್ನು ಎರಡು ಸಲ ಓದಿ, "ಇದನ್ನ ಯಾವ ಪುಟಕ್ಕ ಹಾಕೂನ್ರಿ?" ಎಂದರು. "ಎರಡಕ್ಕೂ ಹಾಕ್ರಿ ಸರ್" ಎಂದೆ. ವರದಿಯಲ್ಲಿ ಅದು ಒಂದೇ ವಾಕ್ಯವಾಗಿ ಉಳಿಯಿತು: ಹೊರಗಿನ ಕೆಲಸಗಾರರು ಬರುವ ಮೊದಲೇ ಸ್ಥಳೀಯ ಸಿಬ್ಬಂದಿಯ ವಸತಿ ಗಟ್ಟಿ ಮಾಡಿಕೊಳ್ಳಬೇಕು. ಅಷ್ಟಾದರೂ ಉಳಿಯಿತಲ್ಲ ಎಂದು ಖುಷಿಪಟ್ಟೆ.

ಮುಂದಿನ ವರ್ಷ ಎರಡನೆಯ ಸುತ್ತಿಗೆ ಹೋದಾಗ ಕ್ರೇನುಗಳು ನರಗುಂದದ ಕಡೆ ಹೋಗಿದ್ದವು. ಹೊಸ ಕೋಣೆಗಳಲ್ಲಿ ಬಹಳಷ್ಟು ಖಾಲಿ. ಚಾಚಿಯ ಕೋಣೆಗೆ ಮಾತ್ರ ಸುಣ್ಣ ಬಳಿದು, ಮಂಚದ ಮೇಲೆ ಹೊಸ ಗಾದಿ ಹಾಸಿತ್ತು. ಆಕೆ ತಾನೇ ರೋಣಕ್ಕೆ ಹೋಗಿ ನರ್ಸಬಾಯಿಯವರನ್ನು ಕರೆದಿದ್ದಳಂತೆ. ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಿದ್ದರಿಂದ ಪೂರ್ತಿ ಬರಲಾಗದು ಎಂದಿದ್ದರು ಅವರು. ಊರಲ್ಲಿ ಯಾರದಾದರೂ ಹೆರಿಗೆ ಹತ್ತಿರ ಬಂದಾಗ ಬಂದು ಇರುತ್ತೇನೆ ಎಂದು ಒಪ್ಪಿದ್ದರು. ನಾನು ಹೋದ ದಿನವೂ ಬಂದಿದ್ದರು.

ಚಾಚಿ ಒಳಗೆ ಚಹಾ ಮಾಡುತ್ತಿದ್ದಾಗ ನಾನು ದನಿ ತಗ್ಗಿಸಿ ಕೇಳಿದೆ: "ಆವತ್ತು ನನಗ ಬಸ್ಸಿನ ಸುದ್ದಿ ಯಾಕ ಹೇಳಿದ್ರಿ?"

"ಮನಿ ಬಿಡ್ಸಿದ್ದಕ್ಕ ಸಿಟ್ಟು ಬಂದಿತ್ತು ಖರೇ" ಎಂದರು ನರ್ಸಬಾಯಿ. "ಆದ್ರ ನನ್ನ ಬಾಣಂತನದಾಗ ಬಿಸಿ ಅನ್ನ ಮಾಡಿ ಹಾಕಿದಾಕಿ ಆಕಿ. ನಿಮ್ಮ ಹಾಳ್ಯಾಗ ಆಕಿ ಹೆಸರು ಬರೂದು ನನಗ ಬ್ಯಾಡಾಗಿತ್ತು."

ಚಹಾ ಕುಡಿದು ಅವರು ಚೀಲ ಹೆಗಲಿಗೇರಿಸಿ, ಓಣಿಯ ತುದಿಯ ಮನೆಯ ಬಸುರಿಯನ್ನು ನೋಡಲು ಹೊರಟರು. ನನ್ನ ಪಟ್ಟಿಯಲ್ಲಿ ಆ ಮನೆ ಇರಲಿಲ್ಲ. ಆದರೂ ಅವರ ಬೆನ್ನಿಗೆ ಹೊರಟೆ.