ಹೊಳೆಗೆ ಬಿಡದ ರಾವಣ

ಕೆ.ಆರ್. ಪೇಟೆ ಕೋರ್ಟಿನಲ್ಲಿ ವಕೀಲೆ ಪ್ರಮೀಳಾ ಎದ್ದು ನಿಂತರೆ ಎದುರು ಪಕ್ಷದವರ ಎದೆ ಢವಢವ. ಮೂವತ್ತು ವರ್ಷದಿಂದ ಅದೇ ಕರಿಕೋಟು, ಅದೇ ಗಂಟಲು. ತೊಗಲುಗೊಂಬೆ ಕಂಡರೆ ಮಾತ್ರ ಈ ಗಟ್ಟಿಗಿತ್ತಿ ಮಗುವಾಗುತ್ತಿದ್ದಳು. ಬೂಕನಕೆರೆಯಿಂದ ನಾಗಮಂಗಲದವರೆಗೆ ಅಲೆದು, ದುಡಿದದ್ದನ್ನೆಲ್ಲ ಸುರಿದು, ಮುನ್ನೂರು ಗೊಂಬೆ ಕೂಡಿಹಾಕಿ ಗಾಜಿನ ಬೀರುಗಳಲ್ಲಿಟ್ಟು ಬೀಗ ಜಡಿದಿದ್ದಳು. ಊರಿನವರು ಬಂದು ಪುಕ್ಕಟೆ ನೋಡಲಿ ಅಂತ ಮನೆ ಪಕ್ಕದ ಸೈಟಿನಲ್ಲಿ ಹಾಲ್ ಕಟ್ಟಿಸಿದಳು. "ಮದ್ವೆಗೆ ಬಾಡಿಗೆ ಕೊಡ್ಬೋದಾದ ಜಾಗದಾಗೆ ಚರ್ಮ ನೇತಾಕ್ತಾಳಂತೆ, ತಲೆ ಕೆಟ್ಟೈತೆ" ಅಂತ ತಮ್ಮ ರವೀಂದ್ರ ಊರೆಲ್ಲ ಸಾರಿದ. ಸಾರಲಿ ಬಿಡಿ, ಅವಳು ಯಾವತ್ತು ಯಾರ ಮಾತು ಕೇಳಿದವಳು?

ಕೈಗೆ ಸಿಗದೆ ಉಳಿದದ್ದು ಒಂದೇ, ಗೊಂಬೆಯಾಟದ ಮುದುಕ ಕುಳ್ಳಯ್ಯನ ಹತ್ತು ತಲೆಯ ರಾವಣ. ಆಟಕ್ಕೆ ಕರೆಯುವವರಿಲ್ಲದೆ ಅದು ನಾಲ್ಕು ವರ್ಷದಿಂದ ಗಂಟಿನಲ್ಲೇ ಇತ್ತು. ಆಟ ಮುಗಿದ ಹಳೇ ಗೊಂಬೆಗೆ ಪೂಜೆ ಮಾಡಿ ನೀರಿಗೆ ಬಿಡುವುದು ಅವನ ಹಿರಿಯರಿಂದ ಬಂದ ಪದ್ಧತಿ. ಹೋದ ಶ್ರಾವಣದಲ್ಲಿ, ಕುಳ್ಳಯ್ಯ ಹೇಮಗಿರಿಯಲ್ಲಿ ರಾವಣನನ್ನು ಹೊಳೆಗೆ ಬಿಡುತ್ತಾನೆ ಅನ್ನುವ ಸುದ್ದಿ ಬಂದಾಗ ಪ್ರಮೀಳಾ ಕೋಟು ಕೂಡ ಬಿಚ್ಚದೆ ಸ್ಕೂಟರ್ ಏರಿದಳು.

ಕುಳ್ಳಯ್ಯ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಕೈಯಲ್ಲಿ ಕುಂಕುಮ, ಹೂವು ಮೆತ್ತಿಕೊಂಡ ರಾವಣ.

"ತಡಿ ಕುಳ್ಳಯ್ಯಣ್ಣ. ನಂಗೆ ಕೊಡು, ಗಾಜಿನೊಳಗೆ ಜೋಪಾನವಾಗಿ ಮಡಗ್ತೀನಿ."

"ಆಡ್ದೆ ಇರೋ ಗೊಂಬೆ ಎಣ ಕಣವ್ವ. ಎಣಾನ ಹೊಳೆಗೆ ಬುಡ್ತೀವಿ, ಗೋಡೆಗೆ ನೇತಾಕಲ್ಲ. ನೀವು ಮನೇಲಿ ಮುನ್ನೂರು ಎಣ ಮಡೀಕಂಡಿದ್ದೀರಿ."

ತನ್ನ ಗೊಂಬೆಗಳನ್ನು ಹೆಣ ಅಂದದ್ದಕ್ಕೆ ಪ್ರಮೀಳಾಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಆದರೆ ಬರಿಗೈಲಿ ಹಿಂದಿರುಗುವ ಜಾಯಮಾನ ಅವಳದಲ್ಲ. ಸೀರೆ ನೆನೆದರೆ ನೆನೆಯಲಿ ಎಂದು ನೀರಿಗಿಳಿದು ರಾವಣನ ಕಾಲು ಹಿಡಿದುಕೊಂಡಳು.

"ಆಡ್ದಿದ್ರೆ ತಾನೆ ಎಣ? ಆಡ್ಸು. ಹಾಲ್ ನಿಮ್ಮ ಮೇಳದ್ದು, ಬೀರು ಬೀಗದ ಕೈನೂ ನಿಮ್ದೇ. ಮುನ್ನೂರನ್ನೂ ಆಡ್ಸು."

"ಬಾಯ್ಮಾತು ಬಾಯಾಗೇ ಉಳ್ಕತದೆ ಕಣವ್ವ."

"ಲಾಯರ್ ನಾನು. ಬರೆದು ಕೊಡ್ತೀನಿ."

ಹಾಲ್, ಗೊಂಬೆ ಎಲ್ಲ ಮೇಳದ ಹೆಸರಿಗೆ ದಾನಪತ್ರ ರಿಜಿಸ್ಟರ್ ಆದ ದಿನ ರವೀಂದ್ರ ಹಾರಾಡಿದ. "ಅಕ್ಕ, ಒಂದೊಂದೂ ನೂರು ವರ್ಷದ್ದು. ಆಡ್ಸಿದ್ರೆ ಹರಿದೋಯ್ತವೆ."

"ಹರೀಲಿ ಕಣ್ಲಾ."

ಮೊದಲ ಆಟಕ್ಕೆ ಹಾಲ್ ಕಿಕ್ಕಿರಿದಿತ್ತು. ಯುದ್ಧದ ನಡುವೆ ಪರದೆಯ ಮೇಲೆ ರಾವಣನ ತೋಳು ಸರಕ್ಕನೆ ಕಿತ್ತು ಬಿತ್ತು. ಮದ್ದಳೆ ನಿಂತಿತು. ರವೀಂದ್ರ ತಿರುಗಿ ಅಕ್ಕನ ಮುಖ ನೋಡಿದ. ಅವಳು ಎದ್ದು ನಿಂತು, ಕೋರ್ಟಿನ ಗಂಟಲಿನಲ್ಲೇ ಹೇಳಿದಳು:

"ಹೊಲ್ಕೊಂಡು ಆಡ್ಸು ಕುಳ್ಳಯ್ಯಣ್ಣ. ನಾವ್ಯಾರೂ ಎದ್ದೋಗಲ್ಲ."